ಗ್ರಾಮಗಳ ಪಾಠಭಂಡಾರವೂ ಅದನ್ನು ಶುದ್ಧವಾಗಿಡುವ ಕ್ರಮವೂ

ರಾಗಿಯನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯ ಯಾವ ಗೃಹಸ್ಥನೂ ಹೊಸ ಕಾಳನ್ನು ಹಳೆಯದರ ಮೇಲೆಯೇ ಸುರಿಯುತ್ತಿರಲಿಲ್ಲ. ತಳದಲ್ಲಿ ಉಳಿದುದನ್ನು ಮೇಲಕ್ಕೆ ತೆಗೆದು, ಊಟಕ್ಕೆ ಯೋಗ್ಯವಾದುದನ್ನು ಬೇರೆ ಮಾಡಿ, ಮುಗ್ಗಿದುದನ್ನು ತಿಪ್ಪೆಗೆ ಸೇರಿಸಿ, ಆಮೇಲೆಯೇ ಹೊಸ ಧಾನ್ಯವನ್ನು ಇಳಿಸುವುದು ವಾಡಿಕೆಯಾಗಿತ್ತು. ಧಾನ್ಯದ ವಿಷಯದಲ್ಲಿ ಇಷ್ಟು ಎಚ್ಚರವಿದ್ದ ಗ್ರಾಮಗಳಲ್ಲಿ ಈಗ ಬೇರೊಂದು ಬಗೆಯ ಕಣಜವು ಬೆಳೆಯುತ್ತಿದೆ. ಅದಕ್ಕೆ ಈ ಎಚ್ಚರವು ಇನ್ನೂ ಸಾಕಷ್ಟು ದೊರೆತಿಲ್ಲ.

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. ಅನಂತರ ಅವುಗಳಿಗೆ ಅರಿವು ಕೇಂದ್ರಗಳೆಂಬ ಹೆಸರಾಯಿತು. ಅನೇಕ ಕೇಂದ್ರಗಳಿಗೆ ಗಣಕಯಂತ್ರಗಳೂ ದೂರದರ್ಶನ ಪೆಟ್ಟಿಗೆಗಳೂ ಬಂದಿವೆ. ಇವುಗಳಲ್ಲಿಯೂ, ಸಹಕಾರ ಸಂಘಗಳ ಮತ್ತು ರೈತ ಉತ್ಪಾದಕ ಸಂಸ್ಥೆಗಳ ಯಂತ್ರಗಳಲ್ಲಿಯೂ, ಬೇಸಾಯದ ಪಾಠಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಿವೆ. ಕೆಲವು ವಿಶ್ವವಿದ್ಯಾನಿಲಯಗಳಿಂದ ಬಂದ ವೀಡಿಯೋಗಳು. ಕೆಲವು ಇಲಾಖೆಯ ಕರಪತ್ರಗಳು. ಉಳಿದವು ಯಾರೋ ವಾಟ್ಸಾಪಿನಲ್ಲಿ ಕಳುಹಿಸಿ, ಮತ್ತಾರೋ ಉಳಿಸಿಕೊಂಡವು. ಬೆಂಗಳೂರಿನ ದೊಡ್ಡ ಕಂಪೆನಿಗಳು ತಮ್ಮ ನೌಕರರ ತರಬೇತಿಗೆ ಇಂಥ ಪಾಠಭಂಡಾರಗಳನ್ನು ಇಟ್ಟುಕೊಂಡು, ಅವುಗಳ ಪಾಲನೆಗೆಂದೇ ಸಂಬಳದ ಆಡಳಿತಗಾರರನ್ನು ನೇಮಿಸುವುದುಂಟು. ಗ್ರಾಮದಲ್ಲಿ ಆ ಕೆಲಸವು ಗ್ರಂಥಾಲಯದ ಮೇಲ್ವಿಚಾರಕರ ಪಾಲಿಗೋ ಸಂಘದ ಕಾರ್ಯದರ್ಶಿಯ ಪಾಲಿಗೋ ಬೀಳುತ್ತದೆ. ಅವರಿಗೆ ಬೇರೆ ಕೆಲಸಗಳೂ ಬೇಕಾದಷ್ಟಿವೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ಪಾಲನೆಯ ಸ್ವರೂಪವನ್ನು ಅರಿತು, ಅದು ನಡೆಯುತ್ತಿದೆಯೇ ಎಂದು ವಿಚಾರಿಸುತ್ತಿರುವುದು ಅವಶ್ಯಕವಾಗಿದೆ.

ಹಳೆಯ ಪಾಠವು ಉಳಿದುಕೊಂಡರೆ ಆಗುವ ನಷ್ಟವೇನೆಂಬುದಕ್ಕೆ ಕಡೂರು ಸೀಮೆಯ ತೆಂಗಿನ ತೋಟಗಳಿಂದಲೇ ದೃಷ್ಟಾಂತವನ್ನು ಕೊಡಬಹುದು. ತೆಂಗಿನ ಅಣಬೆ ರೋಗವು ಈ ಕಡೆಯ ರೈತರಿಗೆ ಚಿರಪರಿಚಿತವಾದುದು. ಅದಕ್ಕೆ ಟ್ರೈಡೆಮಾರ್ಫ್ ಎಂಬ ಔಷಧವನ್ನು ಬೇರಿನ ಮೂಲಕ ಉಣಿಸಬೇಕೆಂದು ಬಹುಕಾಲದವರೆಗೆ ಕಲಿಸಲಾಗುತ್ತಿತ್ತು. ಅಂದಿಗೆ ಅದು ಶಾಸ್ತ್ರೀಯವಾದ ಸಲಹೆಯೇ ಆಗಿತ್ತು. 2018ರ ಆಗಸ್ಟ್ ತಿಂಗಳಿನಲ್ಲಿ ಭಾರತ ಸರ್ಕಾರವು ಹೊರಡಿಸಿದ ಆಜ್ಞೆಯು 18 ಕೀಟನಾಶಕ ಮತ್ತು ರೋಗನಾಶಕಗಳನ್ನು ಕುರಿತದ್ದು. ಅವುಗಳಲ್ಲಿ 12 ಕೂಡಲೇ ನಿಷಿದ್ಧವಾದುವು. ಟ್ರೈಡೆಮಾರ್ಫ್ ಆ 12ರಲ್ಲಿ ಒಂದು. ಉಳಿದ 6 ಔಷಧಗಳಿಗೆ 2020ರ ಡಿಸೆಂಬರ್ 31ರವರೆಗೆ ಅವಧಿಯಿತ್ತು. ಅಡಕೆ ತೋಟಗಳಲ್ಲಿ ಗೊಣ್ಣೆಹುಳುವಿಗೆಂದು ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಆ ಗುಂಪಿನದು. ಎಂಡೋಸಲ್ಫಾನಿನ ಉತ್ಪತ್ತಿ, ಮಾರಾಟ, ಬಳಕೆಗಳನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದೇ ತಡೆದಿತ್ತು. ತರಕಾರಿಗಳ ಮೇಲೆ ಮಾನೋಕ್ರೋಟೋಫಾಸ್ ಬಳಸಕೂಡದೆಂಬ ನಿಷೇಧವು 2005ರಷ್ಟು ಹಳೆಯದು. ಹೀಗಿದ್ದರೂ 2010ರಲ್ಲಿ ತಯಾರಾದ ವೀಡಿಯೋವೊಂದು ಕೇಂದ್ರದ ಯಂತ್ರದಲ್ಲಿ ಉಳಿದಿದ್ದರೆ, ಅದರಲ್ಲಿ ಮಾತನಾಡುವ ಅಧಿಕಾರಿಯು ಇಂದೂ ಅದೇ ವಿಶ್ವಾಸದಿಂದ ಅದೇ ಔಷಧವನ್ನು ಹೇಳುತ್ತಿರುತ್ತಾನೆ. ಅಚ್ಚಿನ ಕಾಗದವಾದರೆ ಹಳದಿಯಾಗಿ ತನ್ನ ವಯಸ್ಸನ್ನು ತಾನೇ ಸಾರುತ್ತದೆ. ವೀಡಿಯೋಗೆ ಆ ಗುಣವಿಲ್ಲ.

ಹಾಗಾದರೆ ಅಂಥ ಪಾಠವನ್ನು ಅಳಿಸಿಬಿಟ್ಟರೆ ಸಾಕೇ ಎಂದು ಕೇಳಬಹುದು. ಸಾಲದು. ಮೇಲ್ವಿಚಾರಕರು ಸಾಮಾನ್ಯವಾಗಿ ತಪ್ಪುವುದು ಈ ಸ್ಥಳದಲ್ಲಿಯೇ. ಟ್ರೈಡೆಮಾರ್ಫಿನ ಹೆಸರನ್ನು ನೆನಪಿನಲ್ಲಿಟ್ಟುಕೊಂಡ ರೈತನು ಭಂಡಾರದಲ್ಲಿ ಹುಡುಕಿ, ಏನೂ ದೊರೆಯದೆ ಹೋದರೆ, ನೆರೆಯವನ ಮಾತನ್ನೋ ಅಂಗಡಿಯವನ ಮಾತನ್ನೋ ನಂಬುತ್ತಾನೆ. ಆದುದರಿಂದ ಹಳೆಯ ಪಾಠವನ್ನು ಜನರ ಕೈಗೆ ಸಿಗದಂತೆ ಪ್ರತ್ಯೇಕವಾದ ಹಳೆಯ ದಫ್ತರಕ್ಕೆ ಸೇರಿಸಿ, ಅದರ ಸ್ಥಾನದಲ್ಲಿ ಅದೇ ಹೆಸರಿನ ಒಂದು ಪುಟವನ್ನು ಇಡತಕ್ಕದ್ದು. ಆ ಪುಟದಲ್ಲಿ ಔಷಧವು ಯಾವ ವರ್ಷದಲ್ಲಿ ನಿಷಿದ್ಧವಾಯಿತೆಂಬುದೂ, ಅದರ ಬದಲಿಗೆ ಈಗ ಮಾಡತಕ್ಕದ್ದು ಏನೆಂಬುದೂ ಇರಬೇಕು: ರೋಗದ ಮರದ ಸುತ್ತ ಕಂದಕ ತೆಗೆದು ಬೇರೆಯಾಗಿಸುವುದು, ಮರವೊಂದಕ್ಕೆ ವರ್ಷಕ್ಕೆ 5 ಕಿಲೋಗ್ರಾಂ ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಬೆರೆಸಿ ಕೊಡುವುದು, ತಜ್ಞರ ಸಲಹೆಯಂತೆ ಹೆಕ್ಸಾಕೊನಜೋಲನ್ನು ಬೇರಿನ ಮೂಲಕ ಉಣಿಸುವುದು. ಪಾಠವನ್ನು ತೆಗೆಯುವವನು ಬದಲಿಯನ್ನು ಸಿದ್ಧಪಡಿಸಿಕೊಂಡೇ ತೆಗೆಯಬೇಕು.

ಇದರ ಎದುರಿಗೆ ಇನ್ನೊಂದು ಅವಿವೇಕವೂ ಉಂಟು. ಕೆಲವರು ವರ್ಷವನ್ನು ಮಾತ್ರ ನೋಡಿ, ಹತ್ತು ವರ್ಷಕ್ಕೆ ಹಿಂದಿನದನ್ನೆಲ್ಲ ಒಂದೇ ಸಲ ಗುಡಿಸಿ ಹಾಕುತ್ತಾರೆ. ತರೀಕೆರೆಯ ಮಲೆನಾಡು ಭಾಗದಲ್ಲಿ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು ಶತಮಾನಕ್ಕಿಂತಲೂ ಹಳೆಯದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ಕೃಷಿ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತ ತಮ್ಮ ಪತ್ರಿಕೆಯನ್ನು 1910ರಲ್ಲಿ ಪ್ರಕಟಿಸಿದರು. ಅದರ ತಿರುಳು ಇಂದಿಗೂ ಸತ್ಯವಾಗಿಯೇ ಇದೆ. ಇಂಥ ಹಳೆಯ ಪಾಠಗಳಲ್ಲಿ ಬದಲಾಗಬೇಕಾದುದು ಅಳತೆ ಮಾತ್ರ. ಪೌಂಡು ಗ್ಯಾಲನ್ನುಗಳ ಕಾಲದ ಸೂತ್ರವು 5 ಪೌಂಡು ಮೈಲುತುತ್ತ, 5 ಪೌಂಡು ಸುಣ್ಣ, 50 ಗ್ಯಾಲನ್ ನೀರು ಎಂದು. ಆ ಗ್ಯಾಲನ್ ನೀರಿನ ತೂಕ 10 ಪೌಂಡಾದುದರಿಂದ, ಇದು ಈಗಿನ ಶೇಕಡಾ 1ರ ದ್ರಾವಣವೇ ಆಯಿತು: 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ, 100 ಲೀಟರ್ ನೀರು. ಅಳತೆಯನ್ನು ತಿದ್ದದೆ ಬಿಟ್ಟರೆ ಓದುವವನು ಪೌಂಡನ್ನು ಕಿಲೋ ಎಂದೂ ಗ್ಯಾಲನ್ನನ್ನು ಲೀಟರೆಂದೂ ತಿಳಿದು, ಹತ್ತರಷ್ಟು ತೀಕ್ಷ್ಣವಾದ ದ್ರಾವಣವನ್ನು ಕಲಸುವ ಭಯವುಂಟು.

ಬೆಳೆವಿಮೆಯ ಪಾಠಗಳ ವಿಷಯವು ಬೇರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಯಾ ಹಂಗಾಮಿಗೆ ಆಯಾ ಬೆಳೆಗಳನ್ನೂ ಕಡೆಯ ದಿನಾಂಕವನ್ನೂ ಪ್ರತ್ಯೇಕವಾಗಿ ಪ್ರಕಟಿಸುವುದರಿಂದ, ಕಳೆದ ವರ್ಷದ ಪುಟವು ಈ ವರ್ಷ ಕೇವಲ ನಿರುಪಯುಕ್ತವಲ್ಲ, ಮೋಸಕರವೂ ಹೌದು. ಇಂಥವುಗಳನ್ನು ಅವಧಿ ಮುಗಿದ ದಿನವೇ ತೆಗೆಯಬೇಕು.

ಇವೆಲ್ಲಕ್ಕೂ ಆಧಾರವು ಒಂದು ಪಟ್ಟಿ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿ ಪ್ರತಿಯೊಂದು ರಾಸಿಗೂ ಗುರುತೂ ದಾಖಲೆಯೂ ಇದ್ದು, ಗಂಡುಕರುಗಳನ್ನು ಹರಾಜಿನಲ್ಲಿ ರೈತರಿಗೆ ಕೊಡುವ ಪದ್ಧತಿಯನ್ನು ಈ ಸೀಮೆಯವರು ಬಲ್ಲರು. ಲೆಕ್ಕವಿಲ್ಲದ ಮಂದೆಯಲ್ಲಿ ತಳಿಯು ಉಳಿಯಲಾರದು. ಪಾಠಗಳ ಪಟ್ಟಿಯಲ್ಲಿಯೂ ಪಾಠದ ಹೆಸರು, ಬಂದ ಮೂಲ, ತಯಾರಾದ ದಿನ, ಕಡೆಯ ಸಲ ಪರೀಕ್ಷಿಸಿದ ದಿನ, ಪರೀಕ್ಷಿಸಿದವರ ಹುದ್ದೆ, ಬೆಳೆ, ಪ್ರದೇಶ ಇಷ್ಟು ಅಂಕಣಗಳಿದ್ದರೆ ಸಾಕು. ಮೂಲ ತಿಳಿಯದ ಪಾಠವನ್ನು ಭಂಡಾರಕ್ಕೆ ಸೇರಿಸಲೇಬಾರದು. ಪಟ್ಟಿಯನ್ನು ಬರೆಯಲು ಕುಳಿತಾಗ ಒಂದೇ ವೀಡಿಯೋ ಬೇರೆ ಬೇರೆ ಹೆಸರುಗಳಿಂದ ಮೂರು ನಾಲ್ಕು ಕಡೆ ಇರುವುದು ಹೊರಬೀಳುವುದು ಸಾಮಾನ್ಯ. ಒಂದನ್ನು ತಿದ್ದಿ ಉಳಿದವನ್ನು ಮರೆತರೆ ತಿದ್ದುಪಡಿಯೇ ವ್ಯರ್ಥ. ಎಲ್ಲಕ್ಕಿಂತ ಸ್ಪಷ್ಟವಾದ ಒಂದನ್ನು ಉಳಿಸಿಕೊಳ್ಳತಕ್ಕದ್ದು.

ಪ್ರದೇಶದ ಅಂಕಣವನ್ನು ಅಲಕ್ಷಿಸಬಾರದು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಡಿಸ್ಟ್ರಿಕ್ಟೆಂದೇ ಹೆಸರಿತ್ತು. ಅಜ್ಜಂಪುರವು ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದುದು ಈಚಿನ ಮಾತು. ಹೀಗಾಗಿ ಅಜ್ಜಂಪುರ, ಶಿವನಿಗಳ ಈರುಳ್ಳಿಯ ಪಾಠಗಳು ಎಷ್ಟೋ ಕಡೆ ತರೀಕೆರೆಯ ಹೆಸರಿನಲ್ಲಿಯೇ ಉಳಿದಿರಬಹುದು. ಅಜ್ಜಂಪುರವೆಂದು ಹುಡುಕಿದವನಿಗೆ ಅವು ಕಾಣಿಸವು. ಇನ್ನೂ ಮುಖ್ಯವಾದುದೆಂದರೆ, ಲಿಂಗದಹಳ್ಳಿಯ ಮಳೆಯ ತೋಟಕ್ಕೆ ಹೇಳಿದ ಮಾತು ಯಗಟಿ, ಪಂಚನಹಳ್ಳಿಗಳ ಒಣ ಭೂಮಿಗೆ ಹೊಂದದು. ತಾಲ್ಲೂಕಿನ ಹೆಸರಿನ ಜೊತೆಗೆ ಹೋಬಳಿಯನ್ನೂ, ಮಲೆನಾಡೋ ಬಯಲುಸೀಮೆಯೋ ಎಂಬುದನ್ನೂ ಬರೆಯುವುದು ಒಳ್ಳೆಯದು.

ಭಂಡಾರವನ್ನು ತೆರೆದು ತಿದ್ದುವ ಅಧಿಕಾರವು ಯಾರ ಯಾರ ಕೈಯಲ್ಲಿದೆ ಎಂಬುದನ್ನು ತಿಂಗಳಿಗೊಮ್ಮೆ ನೋಡಬೇಕು. ವರ್ಗವಾಗಿ ಹೋದ ಅಧಿಕಾರಿ, ಕೆಲಸ ಬಿಟ್ಟ ಗುಮಾಸ್ತೆ, ಅವಧಿ ಮುಗಿದ ಸದಸ್ಯ ಇವರ ಖಾತೆಗಳು ಮುಚ್ಚದೆ ಉಳಿದರೆ ಅದು ಉಗ್ರಾಣದ ಬೀಗದಕೈಯನ್ನು ಹಿಂದಕ್ಕೆ ಪಡೆಯದಂತೆಯೇ ಸರಿ. ಖಾತೆಯನ್ನು ಮುಚ್ಚುವ ಮೊದಲು ಅವರ ಹೆಸರಿನಲ್ಲಿರುವ ಪಾಠಗಳನ್ನು ಹುದ್ದೆಯ ಹೆಸರಿಗೆ ವರ್ಗಾಯಿಸಬೇಕು. ಇಲ್ಲವಾದರೆ ಖಾತೆಯೊಡನೆ ಪಾಠವೂ ಕಾಣೆಯಾಗುವುದುಂಟು. ಗುಪ್ತಪದವನ್ನು ಗೋಡೆಯ ಮೇಲೆ ಚೀಟಿ ಅಂಟಿಸುವ ಅಭ್ಯಾಸವು ನಿಲ್ಲಬೇಕಾದುದು.

ಯಾವ ಪಾಠವನ್ನು ಎಷ್ಟು ಜನ ನೋಡಿದರೆಂಬ ಲೆಕ್ಕವನ್ನು ಯಂತ್ರವೇ ಕೊಡುತ್ತದೆ. ಅದನ್ನು ಓದುವುದರಲ್ಲಿ ವಿವೇಚನೆ ಬೇಕು. ಕೊಳೆರೋಗದ ಪಾಠಕ್ಕೆ ಮುಂಗಾರಿಗೆ ಮುಂಚೆ ಗಿರಾಕಿಗಳು. ಜನವರಿಯಲ್ಲಿ ಒಂದು ತಿಂಗಳ ಲೆಕ್ಕವನ್ನು ನೋಡಿದವನು ಅದನ್ನು ಯಾರಿಗೂ ಬೇಡದ ಪಾಠವೆಂದು ತಿಳಿಯುವನು. ಕಾಲುಬಾಯಿ ಜ್ವರದ ಪಾಠವನ್ನು ಎರಡು ವರ್ಷ ಯಾರೂ ತೆರೆಯದೆ, ಮೂರನೆಯ ವರ್ಷ ಒಂದೇ ವಾರದಲ್ಲಿ ಊರೆಲ್ಲ ತೆರೆಯಬಹುದು. ಪೂರ್ತಿ ಒಂದು ವರ್ಷದ ಲೆಕ್ಕವಿಲ್ಲದೆ ಯಾವುದನ್ನೂ ತೆಗೆಯಬಾರದು. ಯಂತ್ರದಲ್ಲಿ ಜಾಗ ಸಾಲದಿದ್ದರೆ ಮೊದಲು ಸಮಾರಂಭಗಳ ಉದ್ದನೆಯ ವೀಡಿಯೋಗಳನ್ನು ತೆಗೆಯುವುದು ಲೇಸು. ಹಾರತುರಾಯಿಗಳಿಂದ ಬೆಳೆಗೆ ಉಪಯೋಗವಿಲ್ಲ.

ಇಡೀ ಭಂಡಾರದ ತಪಾಸಣೆಯನ್ನು ವರ್ಷಕ್ಕೆರಡು ಸಲ ಮಾಡಿದರೆ ಸಾಕಾಗುತ್ತದೆ: ಯುಗಾದಿಯ ತರುವಾಯ ಭರಣಿ ಮಳೆಗೆ ಮುಂಚೆ ಒಂದು ಸಲ, ದೀಪಾವಳಿಯ ಹೊತ್ತಿಗೆ ಇನ್ನೊಂದು ಸಲ. ಔಷಧದ ಹೆಸರುಳ್ಳ ಪಾಠಗಳನ್ನು ಮೊದಲು ಬೇರೆಯಾಗಿ ತೆಗೆದಿಟ್ಟು, ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋರಿಸಿ, ಅವರ ಒಪ್ಪಿಗೆಯನ್ನು ಪಟ್ಟಿಯಲ್ಲಿ ದಿನಾಂಕದೊಡನೆ ಬರೆದುಕೊಳ್ಳಬೇಕು. ತೋಟದ ಅನುಭವಸ್ಥರಾದ ಜಮೀನುದಾರರೊಬ್ಬರು ಆ ದಿನ ಜೊತೆಗೆ ಕುಳಿತರೆ ಕೆಲಸವು ಬೇಗ ಸಾಗುತ್ತದೆ.

ಭರಣಿ, ಕೃತ್ತಿಕೆಗಳ ಗುಡುಗುಮಳೆಯಲ್ಲಿ ಸಿಡಿಲಿನಿಂದ ಯಂತ್ರವು ಸುಡುವ ಸಂಭವವಿರುವುದರಿಂದ, ಸಂಜೆ ಬಾಗಿಲು ಹಾಕುವಾಗ ವಿದ್ಯುತ್ ತಂತಿಯನ್ನೂ ಅಂತರ್ಜಾಲದ ತಂತಿಯನ್ನೂ ಕಿತ್ತಿಡತಕ್ಕದ್ದು. ಭಂಡಾರದ ಪ್ರತಿಗಳು ಮೂರಿರಬೇಕು: ಯಂತ್ರದಲ್ಲಿ ಒಂದು, ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಒಂದು. ಪ್ರತಿ ಮಾಡಿಟ್ಟೆವೆಂದು ನಿಶ್ಚಿಂತರಾಗದೆ, ಮೂರು ತಿಂಗಳಿಗೊಮ್ಮೆ ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಕೈಗೆ ಬಂದ ಹತ್ತು ಪಾಠಗಳನ್ನು ಮೊದಲಿನಿಂದ ಕಡೆಯವರೆಗೆ ತೆರೆದು ನೋಡಬೇಕು. ಜನರು ಪೆನ್ ಡ್ರೈವ್‌ಗಳಲ್ಲಿಯೂ ಫೋನುಗಳಲ್ಲಿಯೂ ಒಯ್ದ ಹಳೆಯ ಪ್ರತಿಗಳನ್ನು ಮಾತ್ರ ಹಿಂದಕ್ಕೆ ಕರೆಯಲಾಗದು. ಅದಕ್ಕಾಗಿ ಪ್ರತಿ ಪಾಠದ ಮೊದಲ ಪುಟದಲ್ಲಿಯೂ ವೀಡಿಯೋದ ಆರಂಭದಲ್ಲಿಯೂ ಪರೀಕ್ಷಿಸಿದ ತಿಂಗಳು ಮತ್ತು ವರ್ಷವನ್ನು ದಪ್ಪಕ್ಷರಗಳಲ್ಲಿ ಬರೆಸಿ, ಹಿಂತೆಗೆದ ಪಾಠಗಳ ಹೆಸರುಗಳನ್ನು ಪಂಚಾಯತಿ ಕಛೇರಿಯ ಮತ್ತು ಹಾಲಿನ ಡೈರಿಯ ಫಲಕಗಳ ಮೇಲೆ ಒಂದು ತಿಂಗಳ ಪರ್ಯಂತ ಹಚ್ಚಿಸತಕ್ಕದ್ದು.