ಆಷಾಢದಲ್ಲಿ ಸೀರೆ ಯಾಕೆ ಅಗ್ಗ?

ಆಷಾಢ ಬಂದರೆ ಸಾಕು, ಸೀರೆ ಅಂಗಡಿ ಮುಂದೆ ‘ಸೇಲ್’ ಬ್ಯಾನರ್! ಆ ತಿಂಗಳು ನಮ್ಮಲ್ಲಿ ಹೆಚ್ಚಿನವರು ಮದುವೆ ಇಟ್ಟುಕೊಳ್ಳಲ್ಲ. ಧಾರೆ ಸೀರೆ ಕೇಳೋರಿಲ್ಲ. ಆದರೆ ಅಂಗಡಿ ಬಾಡಿಗೆ, ಹುಡುಗರ ಸಂಬಳ, ಸಾಲದ ಬಡ್ಡಿ ನಿಲ್ಲುತ್ತಾ?

ಒಂದು ಲೆಕ್ಕ ಹಾಕೋಣ. 1,000 ರೂಪಾಯಿಗೆ ತಂದ ಸೀರೆ, ಚೀಟಿಯಲ್ಲಿ ಬೆಲೆ 1,600. 25 ಪರ್ಸೆಂಟ್ ಬಿಟ್ಟರೆ 1,200. ಲಾಭ 600ರಿಂದ 200ಕ್ಕೆ ಇಳೀತು, ನಿಜ. ಆದರೆ ಕಪಾಟಿನಲ್ಲಿ ಕೂತಿದ್ದ ದುಡ್ಡು ಕೈಗೆ ಬಂತು. ಶ್ರಾವಣಕ್ಕೆ ಹೊಸ ಮಾಲು ತರಬಹುದು. ಸೇಲ್‌ಗೆ ಮುಂಚೆ ಚೀಟಿಯ ಬೆಲೆಯನ್ನೇ ಏರಿಸೋ ಚಾಲಾಕಿಗಳೂ ಇದ್ದಾರೆ, ಹಳೇ ರೇಟು ನೆನಪಿರಲಿ.

ಹೂವಿನ ಕಥೆ ಉಲ್ಟಾ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟು ಕೇಳಿ ನೋಡಿ! ಎಲ್ಲರಿಗೂ ಒಂದೇ ದಿನ ಬೇಕು, ತಿಂಗಳ ಮುಂಚೆ ಕೂಡಿಡೋಕೆ ಆಗಲ್ಲ. ಪೂಜೆ ಮುಗಿದ ಮೇಲೂ ಬುಟ್ಟಿಯಲ್ಲಿ ಉಳಿದರೆ? ಬಾಡೋ ಮುಂಚೆ ಕೇಳಿದಷ್ಟಕ್ಕೇ ಕೊಡ್ತಾರೆ.

ಸೀರೆ ಬಾಡಲ್ಲ. ಆದರೂ ಚೌಕಾಸಿಗೆ ಆಷಾಢದ ಕೊನೇ ವಾರವೇ ವಾಸಿ. ಅಷ್ಟೊತ್ತಿಗೆ ಒಳ್ಳೇ ಬಣ್ಣಗಳು ಖಾಲಿಯಾಗಿದ್ದರೆ ನನ್ನ ಬೈಬೇಡಿ.