ಆಸ್ಪತ್ರೆಯ ದುಭಾಷಿಗಳು
ಎರಡು ಭಾಷೆಗಳನ್ನು ಬಲ್ಲವನೆಲ್ಲ ದುಭಾಷಿಯಾಗಬಲ್ಲನೆಂಬ ನಂಬುಗೆಯು ನಮ್ಮ ವಿದ್ಯಾವಂತರಲ್ಲಿಯೂ ಬೇರೂರಿರುವುದು. ಆಸ್ಪತ್ರೆಯ ಮಟ್ಟಿಗಾದರೂ ಇದೆಷ್ಟು ಅಪಾಯಕರವೆಂಬುದಕ್ಕೆ ಅಮೆರಿಕದ ಫ್ಲೋರಿಡಾದಲ್ಲಿ 1980ರಲ್ಲಿ ನಡೆದ ಸಂಗತಿಯೇ ಸಾಕ್ಷಿ. ಕ್ಯೂಬಾ ಮೂಲದ ಕುಟುಂಬವೊಂದರ 18 ವರುಷದ ತರುಣನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಅವನು ‘ಇಂಟಾಕ್ಸಿಕಾಡೊ’ ಆಗಿರುವನೆಂದು ಮನೆಯವರು ಸ್ಪ್ಯಾನಿಷಿನಲ್ಲಿ ಹೇಳಿದರು. ತಿಂದುದೋ ಕುಡಿದುದೋ ಮೈಗೊಗ್ಗದೆ ಕೆಟ್ಟಿದೆ ಎಂಬುದು ಅವರ ಅಭಿಪ್ರಾಯ. ವೈದ್ಯರಿಗೆ ತೋರಿದುದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’. ಮಾದಕ ಔಷಧದ ಅತಿಸೇವನೆಯೆಂದು ಬಗೆದು ಚಿಕಿತ್ಸೆ ನಡೆಸಿದರು. ನಿಜವಾಗಿ ಆಗಿದ್ದುದು ಮಿದುಳಿನ ರಕ್ತಸ್ರಾವ. ಅದು ಗೊತ್ತಾಗುವ ವೇಳೆಗೆ ಕಾಲ ಮಿಂಚಿತ್ತು. ಕೈಕಾಲು ನಾಲ್ಕೂ ಬಿದ್ದುಹೋದವು. ವ್ಯಾಜ್ಯವು ಅವನ ಜೀವಿತಾವಧಿಗೆ ಸುಮಾರು 7 ಕೋಟಿ 10 ಲಕ್ಷ ಡಾಲರುಗಳ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು. ದುಭಾಷಿಯನ್ನು ಕರೆಯಿಸಬೇಕೆಂದು ಆ ದಿನ ಯಾರಿಗೂ ತೋರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಿತೆಂಬ ಭ್ರಮೆಯೇ ಉಭಯ ಪಕ್ಷದವರಿಗೂ ಇದ್ದಿತು.

ಈಗ ಆ ದೇಶದಲ್ಲಿ ವೈದ್ಯಕೀಯ ದುಭಾಷಿಗಳಿಗೆ ಪ್ರಮಾಣಪತ್ರ ಕೊಡುವ ಮಂಡಲಿಗಳಿವೆ. ಪರೀಕ್ಷೆಗೆ ಕುಳಿತುಕೊಳ್ಳಲು ಕನಿಷ್ಠ 40 ಗಂಟೆಗಳ ಶಿಕ್ಷಣ ಪಡೆದಿರತಕ್ಕದ್ದು. ಅಂಗಗಳ, ರೋಗಗಳ, ಪರೀಕ್ಷೆಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಕೆಂದಲ್ಲ. ಗ್ರೀಕ್, ಲ್ಯಾಟಿನ್ ಮೂಲದ ಉಪಸರ್ಗ ಪ್ರತ್ಯಯಗಳನ್ನು ಬಲ್ಲವನಿಗೆ ನೂರಾರು ಪದಗಳು ತಾವಾಗಿಯೇ ಬಿಚ್ಚಿಕೊಳ್ಳುವುವು: ‘ಐಟಿಸ್’ ಎಂದು ಮುಗಿದರೆ ಉರಿಯೂತ, ‘ಹೈಪರ್’ ಎಂದರೆ ಮಿಕ್ಕಿದ್ದು, ‘ಹೈಪೊ’ ಎಂದರೆ ತಗ್ಗಿದ್ದು. ಮಧುಮೇಹಿಯ ವಿಷಯದಲ್ಲಿ ಇವೆರಡು ಅದಲುಬದಲಾದರೆ, ಸಕ್ಕರೆ ಕೊಡಬೇಕಾದಲ್ಲಿ ಇನ್ಸುಲಿನ್ ಕೊಟ್ಟಂತಾಗುವುದು.

ಆದರೆ ನಿಘಂಟಿನಲ್ಲಿ ಸಿಕ್ಕುವ ಮಾತುಗಳಿಗಿಂತ ರೋಗಿಯ ಬಾಯಿಂದ ಬರುವ ಮಾತುಗಳೇ ಕಠಿನ. ನಮ್ಮವರು ‘ಪಿತ್ತವಾಗಿದೆ’ ಎನ್ನುವರು. ಅದು ಓಕರಿಕೆಯಾಗಿರಬಹುದು, ತಲೆಸುತ್ತಾಗಿರಬಹುದು. ದುಭಾಷಿಯು ಅದನ್ನು ಪಿತ್ತರಸವೆಂದೇ ಇಂಗ್ಲಿಷಿಗೆ ತಿರುಗಿಸಿದರೆ ವೈದ್ಯರು ಪಿತ್ತಕೋಶವನ್ನು ಹುಡುಕಹೊರಡುವರು. ‘ಉಷ್ಣವಾಗಿದೆ’ ಎಂದರೆ ಜ್ವರವೆಂದಲ್ಲ. ಬಾಯಿಹುಣ್ಣೋ ಉರಿಮೂತ್ರವೋ ಇರಬಹುದು. ಇಂಥಲ್ಲಿ ಊಹಿಸದೆ, ‘ಏನಾಗುತ್ತಿದೆ, ಬಿಡಿಸಿ ಹೇಳಿರಿ’ ಎಂದು ಕೇಳಿ, ತಾನು ಹಾಗೆ ಕೇಳಿದುದನ್ನು ವೈದ್ಯರಿಗೂ ತಿಳಿಸುವುದು ಶಿಕ್ಷಿತ ದುಭಾಷಿಯ ಪದ್ಧತಿ. ಅವನು ಒಂದು ಮಾತನ್ನು ಕೂಡಿಸಲಾಗದು, ಒಂದನ್ನು ನುಂಗಲಾಗದು, ಕೇಳಿದುದನ್ನು ಹೊರಗೆ ಆಡಲೂ ಆಗದು.

ಮಂಗಳೂರಿನ ಆಸ್ಪತ್ರೆಗಳಿಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಆಡುವವರು ಬರುವರು. ಬಳ್ಳಾರಿಗೆ ತೆಲುಗರು, ಬೆಳಗಾವಿಗೆ ಮರಾಠಿಗರು. ನ್ಯಾಯಾಲಯದಲ್ಲಿ ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ವಿಧಿಯುಂಟು. ಕಳ್ಳತನದ ಆರೋಪಿಗಿರುವ ಈ ಅನುಕೂಲವು ರೋಗಿಗೆ ಒದಗಿಲ್ಲ. ಅವನ ಪಾಲಿಗೆ ವಾರ್ಡಿನ ಆಳೋ ಪಕ್ಕದ ಹಾಸಿಗೆಯವನೋ ಶಾಲೆಗೆ ಹೋಗುವ ಮೊಮ್ಮಗನೋ ದುಭಾಷಿ. ತುರ್ತು ಸಂದರ್ಭದ ಹೊರತು ಮಕ್ಕಳನ್ನು ಈ ಕೆಲಸಕ್ಕೆ ನೆಚ್ಚಕೂಡದೆಂದು ಅಮೆರಿಕದ 2016ರ ನಿಯಮಗಳು ವಿಧಿಸಿದುವು. ಮುಟ್ಟು ನಿಂತು ವರುಷಗಳಾದ ಮೇಲೆ ರಕ್ತಸ್ರಾವ ಕಾಣಿಸಿಕೊಂಡರೆ ಅದು ಗರ್ಭಕೋಶದ ಅರ್ಬುದದ ಮುನ್ಸೂಚನೆಯಾಗಿರಬಹುದು. ಅದನ್ನು ಅಜ್ಜಿಯು ಹತ್ತು ವರುಷದ ಮೊಮ್ಮಗನ ಬಾಯಿಂದ ಹೇಳಿಸುವಳೆ? ‘ಏನಿಲ್ಲ, ಸ್ವಲ್ಪ ಸುಸ್ತು’ ಎಂದಷ್ಟೇ ನುಡಿದು, ಕೊಟ್ಟ ಶಕ್ತಿಗುಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹಿಂದಿರುಗುವಳು.