ಗಾಂಧೀಜಿ ಮನೆಯ ಆಸ್ತಿ



ಗಾಂಧಿ ಜಯಂತಿ ದಿನ ನಾವೆಲ್ಲ ಗಾಂಧೀಜಿ ಬಗ್ಗೆ ಭಾಷಣ ಮಾಡ್ತೀವಿ. ಅವರ ಮಕ್ಕಳು, ಮೊಮ್ಮಕ್ಕಳು ಏನು ಮಾಡಿದರು ಅಂತ ಮಾತ್ರ ಹೇಳೋದಿಲ್ಲ. ಅದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಹತ್ತಿರ 1904ರಲ್ಲಿ ಗಾಂಧೀಜಿ ಫೀನಿಕ್ಸ್ ಆಶ್ರಮ ಕಟ್ಟಿದರು. 'ಇಂಡಿಯನ್ ಒಪೀನಿಯನ್' ಪತ್ರಿಕೆ ಅಲ್ಲಿ ಅಚ್ಚಾಗುತ್ತಿತ್ತು. 1914ರಲ್ಲಿ ಗಾಂಧೀಜಿ ಆ ದೇಶ ಬಿಟ್ಟರು. ಅವರ ಎರಡನೇ ಮಗ ಮಣಿಲಾಲರು 1920ರಿಂದ 1956ರಲ್ಲಿ ತೀರಿಕೊಳ್ಳುವವರೆಗೂ ಆ ಪತ್ರಿಕೆಯ ಸಂಪಾದಕರಾಗಿದ್ದರು.

ಅವರು ಬರೀ ಬರೆದು ಕೂತವರಲ್ಲ. 1930ರಲ್ಲಿ ಭಾರತಕ್ಕೆ ಬಂದಾಗ ತಂದೆಯ ಜೊತೆ ದಂಡಿಗೆ ನಡೆದರು. ಧರಾಸಣದ ಉಪ್ಪಿನ ಸತ್ಯಾಗ್ರಹದಲ್ಲೂ ಇದ್ದರು. ಅಲ್ಲಿ ಪೊಲೀಸರು ಲಾಠಿಯಿಂದ ಹೊಡೆದರೂ ಸತ್ಯಾಗ್ರಹಿಗಳು ತಿರುಗಿ ಕೈ ಎತ್ತಲಿಲ್ಲ.

ಆಗ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರಿಗೆ ಬೇರೆ ಶಾಲೆ, ಬೇರೆ ಬೆಂಚು, ಬೇರೆ ಬಡಾವಣೆ ಇದ್ದವು. ಕರಿಯರ ಬಡಾವಣೆಗೆ ಬೇರೆಯವರು ಹೋಗಬೇಕಾದರೆ ಪರವಾನಗಿ ಬೇಕಿತ್ತು. 1952ರಲ್ಲಿ, 60 ವರ್ಷದ ಮಣಿಲಾಲರು ಪರವಾನಗಿ ಇಲ್ಲದೆ ಒಳಗೆ ಹೋಗಿ ಬಂಧನಕ್ಕೊಳಗಾದರು. ಇದೇ ಸತ್ಯಾಗ್ರಹದ ಕ್ರಮ. ಅನ್ಯಾಯದ ಕಾನೂನನ್ನು ಕದ್ದುಮುಚ್ಚಿ ಅಲ್ಲ, ಎಲ್ಲರೆದುರಿಗೇ ಮುರಿಯಬೇಕು. ಶಿಕ್ಷೆ ಕೊಟ್ಟರೆ ಓಡಬಾರದು. ಶಿಕ್ಷೆ ಕೊಟ್ಟವರನ್ನು ದ್ವೇಷಿಸಲೂ ಬಾರದು.

ಮಣಿಲಾಲರ ನಂತರ ಅವರ ಪತ್ನಿ ಸುಶೀಲಾ 1961ರವರೆಗೆ ಪತ್ರಿಕೆ ನಡೆಸಿದರು. ಮಗಳು ಇಳಾ ಗಾಂಧಿ 1940ರಲ್ಲಿ ಹುಟ್ಟಿದವರು. ಅವರೂ ವರ್ಣಭೇದದ ವಿರುದ್ಧ ದುಡಿದರು. ಸರ್ಕಾರ ಅವರು ಸಭೆಗಳಿಗೆ ಹೋಗದಂತೆ ನಿರ್ಬಂಧ ಹಾಕಿ, ಹಲವು ವರ್ಷ ಗೃಹಬಂಧನದಲ್ಲಿಟ್ಟಿತು. 1985ರ ಗಲಭೆಯಲ್ಲಿ ಫೀನಿಕ್ಸ್ ಆಶ್ರಮ ಸುಟ್ಟುಹೋಯಿತು. ಆದರೂ ಅವರು ದಾರಿ ಬಿಡಲಿಲ್ಲ. 1994ರಲ್ಲಿ ಎಲ್ಲ ಬಣ್ಣದವರೂ ಓಟು ಹಾಕಿದ ಮೊದಲ ಚುನಾವಣೆ ನಡೆದು, ಇಳಾ ಸಂಸತ್ ಸದಸ್ಯೆಯಾದರು. ಆಶ್ರಮವನ್ನು ಮತ್ತೆ ಕಟ್ಟಿ 2000ದಲ್ಲಿ ತೆರೆದರು.

ನಮ್ಮ ಕಡೆ ಆಸ್ತಿ ಅಂದ್ರೆ ಹೊಲ, ಮನೆ. ತಂದೆ ಸತ್ತರೆ ಪಾಲು ತಾನಾಗೇ ಬರುತ್ತೆ. ಗಾಂಧೀಜಿ ಮನೆಯ ಈ ಆಸ್ತಿ ಹಾಗಲ್ಲ. ಮಗನೂ ದುಡೀಬೇಕು, ಮೊಮ್ಮಗಳೂ ದುಡೀಬೇಕು. ಹಾಗಾದ್ರೆ ಅವರ ಮನೇಲಿ ಹುಟ್ಟದವರೂ ದುಡಿದು ಪಡೀಬಹುದು ಅಂತ ನನಗನ್ನಿಸಿತು.

ಒಂದು ಮಾತು ಒಪ್ಪಿಕೊಳ್ತೀನಿ. ಬಿಸಿಯೂಟಕ್ಕೆ ಕೂತಾಗ ನಮ್ಮಲ್ಲೊಬ್ಬಳ ಪಕ್ಕ ಯಾರೂ ಕೂರೋದಿಲ್ಲ. ನಾನೂ ನೋಡಿ ಸುಮ್ಮನಿದ್ದೆ. ಸೋಮವಾರದಿಂದ ನನ್ನ ತಟ್ಟೆ ಅವಳ ಪಕ್ಕದಲ್ಲೇ ಇರುತ್ತೆ. ಜಾಗ ಇನ್ನೂ ಇದೆ, ನೀವೂ ಬನ್ನಿ.